ನಿಕರಾಗುವಾದಲ್ಲಿ ತಿನ್ನೋಕೆ ವಾರ, ಹೊತ್ತು, ಊರು ನೋಡಿಕೊಳ್ಳಿ

ನಿಕರಾಗುವಾಗೆ ಹೊರಟವರು ನನ್ನನ್ನು ಮೊದಲು ಕೇಳುವುದು, ಅಲ್ಲಿ ಒಳ್ಳೆ ಹೋಟೆಲ್ ಯಾವುದು ಅಂತ. ಮಧ್ಯ ಅಮೆರಿಕದ ಪ್ರವಾಸ ಹೊಂದಿಸಿಕೊಡುವುದು ನನ್ನ ಕೆಲಸ. ನಾನು ತಿರುಗಿ ಕೇಳುವುದು ಬೇರೆ: ಭಾನುವಾರ ಬೆಳಿಗ್ಗೆ ಯಾವ ಊರಲ್ಲಿರುತ್ತೀರಿ? ಯಾಕಂದರೆ ಅಲ್ಲಿ ಒಳ್ಳೊಳ್ಳೆ ತಿನಿಸುಗಳಿಗೆಲ್ಲ ಒಂದು ವಾರ, ಒಂದು ಹೊತ್ತು, ಒಂದು ಊರು ಇದೆ. ಅದು ತಪ್ಪಿದರೆ ಜಾಸ್ತಿ ದುಡ್ಡು ಕೊಟ್ಟರೂ ರುಚಿ ಅಷ್ಟಕ್ಕಷ್ಟೆ.

ನಾಕತಮಾಲ್ ನೋಡಿ. ಸುಣ್ಣದ ನೀರಲ್ಲಿ ಬೇಯಿಸಿ ಅರೆದ ಮೆಕ್ಕೆಜೋಳದ ಹಿಟ್ಟು, ಅದಕ್ಕೆ ಹಂದಿ ಕೊಬ್ಬು, ಮಧ್ಯೆ ಹಂದಿಮಾಂಸ, ಅಕ್ಕಿ, ಆಲೂಗಡ್ಡೆ, ಟೊಮೆಟೊ, ಈರುಳ್ಳಿ, ಪುದೀನ, ಜೊತೆಗೆ ಹುಳಿ ಕಿತ್ತಳೆ ರಸ ಮತ್ತು ಕೆಂಪು ಬಣ್ಣ ಕೊಡುವ ಆಚಿಯೊತೆ. ಎಲ್ಲವನ್ನೂ ಬಾಳೆಎಲೆಯಲ್ಲಿ ಕಟ್ಟಿ ಗಂಟೆಗಟ್ಟಲೆ ಕುದಿಸುತ್ತಾರೆ. ಇಷ್ಟು ಕೆಲಸ ದಿನಾ ಯಾರು ಮಾಡುತ್ತಾರೆ? ಹಾಗಾಗಿ ಇದು ಮುಖ್ಯವಾಗಿ ಶನಿವಾರ, ಭಾನುವಾರದ ತಿಂಡಿ, ಪಕ್ಕದಲ್ಲಿ ಬ್ರೆಡ್ ಮತ್ತು ಕಪ್ಪು ಕಾಫಿ. ಹೋಟೆಲಿನ ಬಫೆ ಬಿಟ್ಟು, ಮನೆಯಲ್ಲೇ ಮಾಡಿ ಮಾರುವವರು ಆ ಬೀದಿಯಲ್ಲಿ ಯಾರು ಅಂತ ಹಿಂದಿನ ದಿನವೇ ವಿಚಾರಿಸಿಡಿ. ಒಂದು ತಿಂದರೆ ಮಧ್ಯಾಹ್ನದವರೆಗೆ ಹಸಿವಿನ ಮಾತೇ ಇಲ್ಲ. ಬಾಹೊ ಕೂಡ ವಾರದ ಕೊನೆಯದ್ದೇ: ದೊಡ್ಡ ಪಾತ್ರೆಗೆ ಬಾಳೆಎಲೆ ಹಾಸಿ, ಉಪ್ಪು ಹಾಕಿಟ್ಟ ದನದ ಮಾಂಸ, ಮರಗೆಣಸು, ಬಾಳೆಕಾಯಿ, ಬಾಳೆಹಣ್ಣು ಎಲ್ಲವನ್ನೂ ಹಬೆಯಲ್ಲಿ ಬೇಯಿಸುತ್ತಾರೆ.

ಇನ್ನು ಊರಿನ ಲೆಕ್ಕ. ಗ್ರಾನಾಡಾಗೆ ಹೋದರೆ ವಿಗೊರೋನ್. ಬೇಯಿಸಿದ ಮರಗೆಣಸು, ಅದರ ಮೇಲೆ ಗರಿಗರಿ ಹಂದಿ ಚರ್ಮ, ಮೇಲೆ ಹುಳಿ ಹಾಕಿದ ಎಲೆಕೋಸು, ಬಾಳೆಎಲೆ ಮೇಲೆ ಬಡಿಸುತ್ತಾರೆ. ಸೆಂಟ್ರಲ್ ಪಾರ್ಕಿನ ಅಂಗಡಿಗಳಲ್ಲೇ ತಿನ್ನಿ, ಎಸಿ ರೂಮಿನಲ್ಲಿ ತಿನ್ನುವ ಪದಾರ್ಥ ಅಲ್ಲ ಅದು.

ರಾಜಧಾನಿ ಮಾನಾಗುವಾದಿಂದ ಲೆಯೋನ್‌ಗೆ ಹೋಗುವ ದಾರಿಯಲ್ಲಿ ನಾಗರೋತೆ, ಲಾ ಪಾಸ್ ಸೆಂತ್ರೊ ಅನ್ನೋ ಊರುಗಳು ಬರುತ್ತವೆ. ಡ್ರೈವರ್‌ಗೆ ಗಾಡಿ ನಿಲ್ಲಿಸೋಕೆ ಹೇಳಿ, ಕೆಸಿಯೊ ತಿನ್ನದೆ ಮುಂದೆ ಹೋಗಬೇಡಿ. ಮೆಕ್ಕೆಜೋಳದ ಬಿಸಿ ರೊಟ್ಟಿ, ಅಂದರೆ ತೊರ್ತಿಯಾದಲ್ಲಿ ಎಳೆಎಳೆಯಾದ ಮೆತ್ತನೆ ಚೀಸ್ ಸುತ್ತಿ, ವಿನೆಗರ್‌ನಲ್ಲಿ ನೆನೆಸಿದ ಈರುಳ್ಳಿ ಹಾಕಿ, ಧಾರಾಳವಾಗಿ ಕೆನೆ ಸುರಿದು, ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಕೊಡುತ್ತಾರೆ. ಕೈಯೆಲ್ಲ ಕೆನೆ ಆಗುತ್ತದೆ, ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ. ಜೊತೆಗೆ ಕುಡಿಯೋಕೆ ತಿಸ್ತೆ, ಕೋಕೋ ಹಾಕಿದ ತಂಪು ಪಾನೀಯ.

ಕೆರಿಬಿಯನ್ ಕಡೆ ಬ್ಲೂಫೀಲ್ಡ್ಸ್‌ಗೆ ಹೋದರೆ ಬೇರೆ ದೇಶಕ್ಕೇ ಬಂದ ಹಾಗಿರುತ್ತದೆ. ಆಫ್ರಿಕನ್ ಮೂಲದ ಕ್ರಿಯೋಲ್ ಜನ, ಅವರ ಕ್ರಿಯೋಲ್ ಇಂಗ್ಲಿಷ್, ಅಡುಗೆಗೆ ತೆಂಗಿನ ಹಾಲು. ಮೀನು, ಮರಗೆಣಸು, ಬಾಳೆಕಾಯಿ ಹಾಕಿ ತೆಂಗಿನ ಹಾಲಲ್ಲಿ ನಿಧಾನಕ್ಕೆ ಬೇಯಿಸುವ ರೋಂದೋನ್ ಹೇಳಿದ ಕೂಡಲೇ ಬರುವಂಥದ್ದಲ್ಲ. ಬೆಳಿಗ್ಗೆಯೇ ಹೇಳಿಟ್ಟು ಸುತ್ತಾಡೋಕೆ ಹೋಗಿ. ಉತ್ತರದ ಗುಡ್ಡಗಳಲ್ಲಿ, ಮಾತಗಾಲ್ಪಾ ಕಡೆ, ಕಾಫಿಯ ಜೊತೆ ಎಳೆ ಮೆಕ್ಕೆಜೋಳದ ಗ್ವಿರಿಲಾ ತಿನ್ನಿ. ಸಿಹಿಯಾದ ದಪ್ಪ ದೋಸೆ, ಅದರ ಜೊತೆ ಉಪ್ಪುಪ್ಪು ತಾಜಾ ಚೀಸ್, ಕುಆಹಾದಾ.

ಗಾಯೊ ಪಿಂತೊ ಬಗ್ಗೆ ಜಾಸ್ತಿ ಹೇಳುವ ಅಗತ್ಯ ಇಲ್ಲ, ಅದು ಎಲ್ಲೆಲ್ಲೂ ಇದೆ. ಅನ್ನ, ಸಣ್ಣ ಕೆಂಪು ಬೀನ್ಸ್, ಈರುಳ್ಳಿ ಹಾಕಿ ಎಣ್ಣೆಯಲ್ಲಿ ಹುರಿದದ್ದು. ಪಕ್ಕದ ಕೋಸ್ಟಾರಿಕಾದವರು ಕಪ್ಪು ಬೀನ್ಸ್ ಹಾಕುತ್ತಾರೆ. ಇದು ಯಾರದ್ದು ಅಂತ ಎರಡೂ ದೇಶಗಳ ಮಧ್ಯೆ ಮುಗಿಯದ ಜಗಳ, ನೀವು ಮಧ್ಯೆ ಹೋಗಬೇಡಿ. ಸಂಜೆಯಾದ ಮೇಲೆ ಬೀದಿ ಬದಿ ಕೆಂಡದ ಒಲೆ ಹಚ್ಚುವ ಫ್ರಿತಾಂಗಾಗಳಲ್ಲಿ ಇದರ ಜೊತೆ ಸುಟ್ಟ ಮಾಂಸ, ಕರಿದ ಚೀಸ್, ಬಾಳೆಕಾಯಿ ಚಿಪ್ಸ್ ಕೊಡುತ್ತಾರೆ. ಖಾರ ಇರೋದೇ ಇಲ್ಲ. ಮೇಜಿನ ಮೇಲೆ ಬಾಟಲಿಯಲ್ಲಿ ಈರುಳ್ಳಿ, ಮೆಣಸಿನಕಾಯಿ ನೆನೆಸಿಟ್ಟಿರುವ ಚಿಲೆರೊ ಇದ್ದರೆ ಬಿಡಬೇಡಿ.

ನಮ್ಮ ಕಡೆಯ ಸಸ್ಯಾಹಾರಿಗಳಿಗೆ ಸೀದಾ ಒಂದು ಮಾತು. ಹೊಟ್ಟೆ ತುಂಬುತ್ತದೆ, ಆದರೆ ಕೇಳಿ ತಿನ್ನಬೇಕು. ಮಾಂಸ ಬೇಡ ಅಂದರೆ ಚಿಕನ್ ತಂದಿಡುವವರಿದ್ದಾರೆ. ಬೀನ್ಸನ್ನು ಹಂದಿ ಕೊಬ್ಬಲ್ಲಿ ಹುರಿದಿರಬಹುದು. ಚೀಸ್‌ಗೆ ಹಾಲು ಗಟ್ಟಿ ಮಾಡೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರಬಹುದು. ಇದರಲ್ಲಿ ಎಲ್ಲಿಯವರೆಗೆ ಒಪ್ಪಿಗೆ ಅನ್ನೋದನ್ನು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ, ಅಲ್ಲಿ ತಟ್ಟೆ ಮುಂದೆ ಕೂತು ಚರ್ಚೆ ಬೇಡ.

ಕುಡಿಯೋದರಲ್ಲಿ ಮೊದಲು ಪಿನೊಲಿಯೊ. ಹುರಿದ ಮೆಕ್ಕೆಜೋಳ, ಕೋಕೋ, ದಾಲ್ಚಿನ್ನಿ ಪುಡಿ ಮಾಡಿ ನೀರು ಅಥವಾ ಹಾಲಲ್ಲಿ ಕಲಸಿದ್ದು. ಹೀಕರೊ ಮರದ ಕಾಯಿ ಚಿಪ್ಪಿನ ಬಟ್ಟಲಲ್ಲಿ ಕೊಡುತ್ತಾರೆ. ತರಿ ಕೆಳಗೆ ಕೂರುತ್ತದೆ, ಆಗಾಗ ಅಲ್ಲಾಡಿಸುತ್ತಾ ಕುಡಿಯಬೇಕು. ಮಿಲ್ಕ್‌ಶೇಕ್ ನಿರೀಕ್ಷೆ ಮಾಡಿದವರು ಮುಖ ಸಿಂಡರಿಸುತ್ತಾರೆ, ರಾಗಿ ಅಂಬಲಿ ಕುಡಿದು ಬೆಳೆದವರು ಇನ್ನೊಂದು ಕೇಳುತ್ತಾರೆ. ಬೀದಿಯಲ್ಲಿ ಕುಡಿಯುವ ಮೊದಲು ನೀರು, ಐಸ್ ಶುದ್ಧ ಮಾಡಿದ್ದಾ ಅಂತ ಕೇಳಿ, ಇದರಲ್ಲಿ ಸಂಕೋಚ ಬೇಡ. ಮದ್ಯ ಕುಡಿಯುವವರಿಗೆ ಚಿಚಿಗಾಲ್ಪಾ ಊರಿನಲ್ಲಿ 1890ರಿಂದ ಬಂದಿರುವ ಫ್ಲೋರ್ ದೆ ಕಾನ್ಯಾ ರಮ್ ಇದೆ. ಬಿಳಿ ರಮ್, ಸೀಬೆಹಣ್ಣಿನ ರಸ, ನಿಂಬೆ ಸೇರಿಸಿದ ಮಾಕುಆ ಬಿಸಿಲಿಗೆ ಚೆನ್ನಾಗಿರುತ್ತದೆ.

ಆಮೆ ಮೊಟ್ಟೆ ಯಾರಾದರೂ ಮುಂದಿಟ್ಟರೆ ಬೇಡ ಅನ್ನಿ. ಕಡಲಾಮೆಗಳ ಹಲವು ಜಾತಿಗಳು ಅಳಿವಿನ ಅಪಾಯದಲ್ಲಿವೆ.

ತಾರೀಖು ನಿಮ್ಮ ಕೈಯಲ್ಲಿದ್ದರೆ ಡಿಸೆಂಬರ್ 7ರ ಸಂಜೆ ಲೆಯೋನ್‌ನಲ್ಲಿರಿ. ಅವತ್ತು ಗ್ರಿತೆರಿಯಾ, ಮೇರಿ ಮಾತೆಯ ಹಬ್ಬ. ಜನ ಮನೆ ಮನೆ ಮುಂದೆ ನಿಂತು ಹಾಡುತ್ತಾರೆ, ಮನೆಯವರು ಮಿಠಾಯಿ, ಕಬ್ಬಿನ ತುಂಡು, ಹಣ್ಣು ಹಂಚುತ್ತಾರೆ. ಪ್ರವಾಸಿಗರೂ ಸಾಲಲ್ಲಿ ನಿಲ್ಲಬಹುದು, ಯಾರೂ ಬೇಡ ಅನ್ನೋದಿಲ್ಲ. ರೂಮು ಮಾತ್ರ ಮುಂಚೆಯೇ ಬುಕ್ ಮಾಡಿ, ಒಂದು ಬಟ್ಟೆ ಚೀಲ ತಗೊಂಡು ಹೋಗಿ.