ಅಮೆರಿಕದ ಮರಣ ದಾಖಲೆ: ಯಾವ ಕೌಂಟಿ, ಯಾವ ಪ್ರತಿ?

ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಸಂಬಂಧಿಕರೊಬ್ಬರು ತೀರಿಕೊಂಡಿದ್ದರು. ಅವರ ಮಗ ಡೆತ್ ಸರ್ಟಿಫಿಕೇಟಿಗೆ ಅರ್ಜಿ ತುಂಬುತ್ತಿದ್ದಾಗ ಪಕ್ಕದಲ್ಲಿ ಕೂತು, ಮನೆ ಇದ್ದ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಹೆಸರನ್ನೇ ಬರೆಯಲು ಹೇಳಿದವನು ನಾನು. ಕೆಲವು ವಾರ ಕಾದ ಮೇಲೆ ಬಂದದ್ದು "ಅಂಥ ದಾಖಲೆ ನಮ್ಮಲ್ಲಿಲ್ಲ" ಎಂಬ ಕಾಗದ. ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಹುಡುಕಿದ್ದಕ್ಕೇ ಶುಲ್ಕ, ಸಿಕ್ಕಿದ್ದಕ್ಕಲ್ಲ. ಅವರು ಕೊನೆಯುಸಿರು ಎಳೆದದ್ದು ಪಕ್ಕದ ಕೌಂಟಿಯ ಆಸ್ಪತ್ರೆಯಲ್ಲಿ.

ಹಾಗಾಗಿ ಮೊದಲ ಟಿಪ್ಪಣಿ ಇದು: ಸಾವು ದಾಖಲಾಗುವುದು ಸತ್ತ ಜಾಗದಲ್ಲಿ, ಬಾಳಿದ ಜಾಗದಲ್ಲಲ್ಲ. ಫ್ರೀಮಾಂಟಿನಲ್ಲಿ ಮೂವತ್ತು ವರ್ಷ ಇದ್ದವರು ಸ್ಟ್ಯಾನ್‌ಫರ್ಡ್ ಆಸ್ಪತ್ರೆಯಲ್ಲಿ ತೀರಿಕೊಂಡರೆ ಏನಾಗುತ್ತದೆ ನೋಡಿ. ಫ್ರೀಮಾಂಟ್ ಇರುವುದು ಅಲಮೀಡಾ ಕೌಂಟಿಯಲ್ಲಿ. ಸ್ಟ್ಯಾನ್‌ಫರ್ಡ್ ಇರುವುದು ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಕೇಳಬೇಕಾದ್ದು ಸಾಂಟಾ ಕ್ಲಾರಾದವರನ್ನು.

ಆದರೆ ವಿಲ್ಲು, ಆಸ್ತಿ ಹಂಚಿಕೆಯ ಕೋರ್ಟ್ ಕಡತ ಬೇಕೆಂದರೆ ಲೆಕ್ಕ ಉಲ್ಟಾ. ಪ್ರೊಬೇಟ್ ಕೇಸು ಸಾಮಾನ್ಯವಾಗಿ ನಡೆಯುವುದು ಸತ್ತವರು ವಾಸವಿದ್ದ ಕೌಂಟಿಯಲ್ಲಿ. ಒಬ್ಬರೇ ಮನುಷ್ಯ, ಎರಡು ಕಾಗದ, ಎರಡು ಕೌಂಟಿ. ನೋಟ್‌ಬುಕ್ಕಿನಲ್ಲಿ ಇದಕ್ಕೆ ಕೆಂಪು ಗೆರೆ ಎಳೆದುಕೊಳ್ಳಿ.

ಕೌಂಟಿ ನಮ್ಮ ಜಿಲ್ಲೆಯ ಹಾಗೆ ಅಂದೆ. ಆದರೆ ಎಲ್ಲ ಕಡೆ ಒಂದೇ ಪದ್ಧತಿ ಇಲ್ಲ. ಲೂಸಿಯಾನಾದಲ್ಲಿ ಕೌಂಟಿಯ ಬದಲು ಪ್ಯಾರಿಷ್ ಎನ್ನುತ್ತಾರೆ. ಮ್ಯಾಸಚೂಸೆಟ್ಸ್‌ನಂಥ ನ್ಯೂ ಇಂಗ್ಲೆಂಡ್ ರಾಜ್ಯಗಳಲ್ಲಿ ಕೌಂಟಿಗಿಂತ ಊರಿನ ದಾಖಲೆ ಇಡುವ ಟೌನ್ ಕ್ಲರ್ಕೇ ಮುಖ್ಯ. ಬಾಲ್ಟಿಮೋರ್, ಸೇಂಟ್ ಲೂಯಿಸ್ ನಗರಗಳು ಯಾವ ಕೌಂಟಿಗೂ ಸೇರಿಲ್ಲ. ಸೇಂಟ್ ಲೂಯಿಸ್ ಹೆಸರಿನ ಕೌಂಟಿ ಪಕ್ಕದಲ್ಲೇ ಇದೆ, ನಗರ ಮಾತ್ರ ಅದರಲ್ಲಿಲ್ಲ! ನ್ಯೂಯಾರ್ಕ್ ನಗರದ ದಾಖಲೆ ನ್ಯೂಯಾರ್ಕ್ ರಾಜ್ಯದ ಕಚೇರಿಯಲ್ಲಿ ಸಿಗುವುದಿಲ್ಲ, ನಗರವೇ ಬೇರೆ ಇಟ್ಟುಕೊಂಡಿದೆ. ಗಡಿಗಳೂ ಬದಲಾಗಿವೆ. ಅದೇ ನಗರದ ಬ್ರಾಂಕ್ಸ್ ಕೌಂಟಿ ಹುಟ್ಟಿದ್ದೇ 1914ರಲ್ಲಿ. 1910ರಲ್ಲಿ ಅಲ್ಲಿ ವಾಸವಿದ್ದು ಸತ್ತವರ ಪ್ರೊಬೇಟ್ ಕಡತವನ್ನು ನ್ಯೂಯಾರ್ಕ್ ಕೌಂಟಿಯ ಹೆಸರಲ್ಲಿ ಹುಡುಕಬೇಕು.

ಕೇಂದ್ರ ಸರ್ಕಾರದ ಒಂದೇ ಕಚೇರಿಗೆ ಬರೆದು ಎಲ್ಲ ತರಿಸಿಕೊಳ್ಳೋಣ ಎಂದರೆ ಆಗದು, ಅಂಥ ಕಚೇರಿಯೇ ಇಲ್ಲ. ಯಾವ ರಾಜ್ಯಕ್ಕೆ ಎಲ್ಲಿ ಬರೆಯಬೇಕು ಎಂಬ ಪಟ್ಟಿಯನ್ನು ಮಾತ್ರ ಅಲ್ಲಿನ ಕೇಂದ್ರ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯ ಆರೋಗ್ಯ ಅಂಕಿಅಂಶ ಕೇಂದ್ರ ಇಟ್ಟಿದೆ. ಗೂಗಲ್‌ನಲ್ಲಿ ಮೇಲೆ ಬರುವ ಜಾಹೀರಾತನ್ನು ಒತ್ತುವ ಮೊದಲು ಆ ಪಟ್ಟಿ ನೋಡಿ. ಸರ್ಕಾರಿ ಕಚೇರಿಯ ಹಾಗೇ ಕಾಣುವ ಖಾಸಗಿ ಸೈಟುಗಳು ಸುಮ್ನೆ ಜಾಸ್ತಿ ದುಡ್ಡು ತೆಗೆದುಕೊಂಡು ನಿಮ್ಮದೇ ಅರ್ಜಿಯನ್ನು ಮುಂದಕ್ಕೆ ಕಳಿಸುತ್ತವೆ.

ಒಂದೇ ಕೌಂಟಿಯಲ್ಲೂ ಎರಡು ಕಿಟಕಿ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಇತ್ತೀಚಿನ ಸಾವಿಗೆ ಕೌಂಟಿಯ ಆರೋಗ್ಯ ಇಲಾಖೆ, ಹಳೆಯದಕ್ಕೆ ದಾಖಲೆ ಇಡುವ ಅಧಿಕಾರಿಯಾದ ಕೌಂಟಿ ರೆಕಾರ್ಡರ್. ಟೆಕ್ಸಾಸಿನಲ್ಲಾದರೆ ಕೌಂಟಿ ಕ್ಲರ್ಕ್ ಅಥವಾ ಊರಿನ ರಿಜಿಸ್ಟ್ರಾರ್.

ಯಾರು ಕೇಳಬಹುದು?

ಕ್ಯಾಲಿಫೋರ್ನಿಯಾದಲ್ಲಿ ಎರಡು ತರಹದ ಪ್ರತಿ ಇದೆ. ಹೆಂಡತಿ, ಗಂಡ, ಮಕ್ಕಳು, ಮೊಮ್ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು, ಸತ್ತವರ ಆಸ್ತಿಯ ಕೆಲಸ ನೋಡುವ ವಕೀಲರು ಮುಂತಾದವರಿಗೆ "ಅಥರೈಸ್ಡ್" ಪ್ರತಿ. ಉಳಿದ ಯಾರು ಬೇಕಾದರೂ "ಇನ್ಫರ್ಮೇಷನಲ್" ಪ್ರತಿ ತೆಗೆದುಕೊಳ್ಳಬಹುದು. ಅದೂ ಸರ್ಕಾರಿ ಕಾಗದವೇ, ಆದರೆ ಗುರುತು ಸಾಬೀತಿಗೆ ನಡೆಯುವುದಿಲ್ಲ ಎಂದು ಮೈಮೇಲೇ ಅಚ್ಚು ಹೊಡೆದಿರುತ್ತದೆ. ವಂಶಾವಳಿ ಬರೆಯುವವರಿಗೆ ಇಷ್ಟು ಸಾಕು. ಬ್ಯಾಂಕು, ವಿಮೆಗೆ ಸಾಲದು. ಅಂಚೆಯಲ್ಲಿ ಅಥರೈಸ್ಡ್ ಪ್ರತಿ ಕೇಳುವವರು ಪ್ರಮಾಣ ಮಾಡಿದ ಹೇಳಿಕೆಗೆ ನೋಟರಿ ಮಾಡಿಸಿ ಲಗತ್ತಿಸಬೇಕು. ಅರ್ಜಿ ವಾಪಸ್ ಬರುವುದು ಹೆಚ್ಚಾಗಿ ಈ ನೋಟರಿ ಮರೆತಾಗಲೇ.

ಫ್ಲಾರಿಡಾದ ದಾರಿ ಬೇರೆ. ಸಾವಿನ ಕಾರಣ ಇಲ್ಲದ ಪ್ರತಿಯನ್ನು ಯಾರು ಬೇಕಾದರೂ ಕೊಳ್ಳಬಹುದು. ಕಾರಣ ಬರೆದ ಪ್ರತಿ 50 ವರ್ಷ ಹತ್ತಿರದವರಿಗೆ ಮಾತ್ರ. ಪೆನ್ಸಿಲ್ವೇನಿಯಾದಲ್ಲಿ ಇಡೀ ದಾಖಲೆಯೇ 50 ವರ್ಷದ ನಂತರ ಸಾರ್ವಜನಿಕ. ಟೆಕ್ಸಾಸಿನಲ್ಲಿ 25 ವರ್ಷ ಸಾಕು.

ಕಾನೂನಿನ ಕೆಲಸಕ್ಕಾದರೆ

ಸೀಲು ಇರುವ ಸರ್ಟಿಫೈಡ್ ಪ್ರತಿಯೇ ಬೇಕು, ಝೆರಾಕ್ಸ್ ನಡೆಯುವುದಿಲ್ಲ. ವಿಮೆ, ಬ್ಯಾಂಕು, ಪಿಂಚಣಿ, ಮನೆ, ಕಾರು, ಪ್ರತಿಯೊಂದಕ್ಕೂ ಒಂದೊಂದು ಹೋಗುತ್ತದೆ. ಶವಸಂಸ್ಕಾರದ ಏರ್ಪಾಡು ಮಾಡುವ ಫ್ಯೂನರಲ್ ಹೋಮಿನವರೇ ಮೊದಲ ಕಂತು ತರಿಸಿಕೊಡುತ್ತಾರೆ. ಆಗಲೇ ಎಂಟು ಹತ್ತು ಪ್ರತಿ ಹೇಳಿಬಿಡಿ, ಆಮೇಲೆ ಅಲೆಯುವುದು ತಪ್ಪುತ್ತದೆ. ಅಪಘಾತವಾಗಿದ್ದರೆ ಕಾರಣದ ಜಾಗದಲ್ಲಿ "ಪೆಂಡಿಂಗ್" ಎಂದಿರಬಹುದು. ವಿಮೆಯವರು ಅಂತಿಮ ಕಾರಣಕ್ಕೆ ಕಾಯುತ್ತಾರೆ. ಅಂಥಲ್ಲಿ ಹತ್ತನ್ನೂ ಒಟ್ಟಿಗೆ ಕೊಳ್ಳಬೇಡಿ.

ಹೋದವರ ಹೆಸರಲ್ಲಿ ಊರಿನಲ್ಲಿ ಜಮೀನು ಇದ್ದರೆ ಇನ್ನೊಂದು ಹೆಜ್ಜೆ ಇದೆ, ಅದು ಅಪೋಸ್ಟೀಲ್, ಅಂದರೆ ಒಂದು ದೇಶದ ಕಾಗದ ಇನ್ನೊಂದು ದೇಶದಲ್ಲಿ ನಡೆಯಲು ಹಾಕಿಸುವ ದೃಢೀಕರಣ. ಇದಕ್ಕೆ ಸಂಬಂಧಿಸಿದ ಹೇಗ್ ಒಪ್ಪಂದಕ್ಕೆ ಅಮೆರಿಕ 1981ರಿಂದ, ಭಾರತ 2005ರಿಂದ ಒಳಪಟ್ಟಿವೆ. ಸರ್ಟಿಫಿಕೇಟ್ ಕೊಟ್ಟ ರಾಜ್ಯವೇ, ಸಾಮಾನ್ಯವಾಗಿ ಅಲ್ಲಿನ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ, ಅಪೋಸ್ಟೀಲ್ ಹಾಕಬೇಕು. ಟೆಕ್ಸಾಸಿನ ಕಾಗದಕ್ಕೆ ಕ್ಯಾಲಿಫೋರ್ನಿಯಾ ಹಾಕುವುದಿಲ್ಲ. ಸಹಿ ಮಾಡಿದವರು ಸ್ಥಳೀಯ ಅಧಿಕಾರಿಯಾಗಿದ್ದರೆ ಕೆಲವು ರಾಜ್ಯಗಳಲ್ಲಿ ಮೊದಲು ಕೌಂಟಿ ಕ್ಲರ್ಕ್ ಆ ಸಹಿಯನ್ನು ದೃಢೀಕರಿಸಬೇಕು. ಹೋದವರು ಭಾರತದ ಪಾಸ್‌ಪೋರ್ಟ್ ಇದ್ದವರಾದರೆ ಭಾರತದ ಕಾನ್ಸುಲೇಟಿಗೂ ತಿಳಿಸಿ ಪಾಸ್‌ಪೋರ್ಟ್ ರದ್ದು ಮಾಡಿಸಬೇಕು.

ಇಷ್ಟೆಲ್ಲ ಆದ ಮೇಲೆ ಪೌತಿ ಖಾತೆಗೆ ಹೋದರೆ ಎಡವುವುದು ಹೆಸರಿನಲ್ಲಿ. ಪಹಣಿಯಲ್ಲಿ ಎರಡು ಇನಿಶಿಯಲ್ಲು, ಒಂದು ಹೆಸರು. ಅಮೆರಿಕದ ಕಾಗದದಲ್ಲಿ ಇನಿಶಿಯಲ್ಲುಗಳು ಊರಿನ ಹೆಸರು, ಅಪ್ಪನ ಹೆಸರಾಗಿ ಬಿಚ್ಚಿಕೊಂಡಿರುತ್ತವೆ, ಅದರಲ್ಲೊಂದು ಸರ್‌ನೇಮ್ ಆಗಿ ಕೂತಿರುತ್ತದೆ. ಇಬ್ಬರೂ ಒಬ್ಬರೇ ಎಂದು ತೋರಿಸಲು ಅಫಿಡವಿಟ್ಟು, ಹಳೆಯ ಪಾಸ್‌ಪೋರ್ಟು ಹುಡುಕಬೇಕಾಗುತ್ತದೆ. ಫ್ಯೂನರಲ್ ಹೋಮಿನಲ್ಲಿ ಫಾರಂ ತುಂಬುವ ದಿನವೇ ಇದು ನೆನಪಾದರೆ ಒಳ್ಳೆಯದು. ಆ ದಿನ ಯಾರಿಗೆ ನೆನಪಿರುತ್ತದೆ, ಅಲ್ವಾ? ಆಮೇಲೆ ತಿದ್ದಿಸಬಹುದು. ಆದರೆ ಕ್ಯಾಲಿಫೋರ್ನಿಯಾದಲ್ಲಿ ತಿದ್ದುಪಡಿ ಎಂದರೆ ಹಳೆಯದನ್ನು ಅಳಿಸುವುದಲ್ಲ. ಮೂಲ ಹಾಗೇ ಉಳಿದು, ಹಿಂದೆ ಇನ್ನೊಂದು ಹಾಳೆ ಸೇರುತ್ತದೆ.

ವಂಶಾವಳಿಗಾದರೆ

ಮೊದಲ ಪ್ರಶ್ನೆ: ಆ ರಾಜ್ಯ ಬರೆಯಲು ಶುರು ಮಾಡಿದ್ದು ಯಾವಾಗ? ಮ್ಯಾಸಚೂಸೆಟ್ಸ್ 1841ರಲ್ಲೇ. ಕ್ಯಾಲಿಫೋರ್ನಿಯಾ 1905, ಜಾರ್ಜಿಯಾ 1919. ಎಲ್ಲ ರಾಜ್ಯಗಳೂ ರಾಷ್ಟ್ರೀಯ ಮರಣ ನೋಂದಣಿ ವಲಯಕ್ಕೆ (ಕೇಂದ್ರಕ್ಕೆ ಸಾವಿನ ಲೆಕ್ಕ ಕೊಡುವ ರಾಜ್ಯಗಳ ಗುಂಪು) ಸೇರುವ ಹೊತ್ತಿಗೆ 1933 ಆಯಿತು, ಕೊನೆಗೆ ಬಂದದ್ದು ಟೆಕ್ಸಾಸ್. ರಾಜ್ಯ ಶುರು ಮಾಡುವ ಮುಂಚಿನ ಕಾಲಕ್ಕೆ ಕೌಂಟಿಯ ಪುಸ್ತಕವೇ ಗತಿ. ಓಹಾಯೊದಲ್ಲಿ 1867ರಿಂದ 1908ರ ಡಿಸೆಂಬರ್ 20ರ ತನಕ ಸಾವನ್ನು ಬರೆದಿಟ್ಟದ್ದು ಕೌಂಟಿಯ ಪ್ರೊಬೇಟ್ ಕೋರ್ಟು. ಅಗಲದ ರಿಜಿಸ್ಟರು, ಒಬ್ಬರಿಗೆ ಒಂದು ಸಾಲು. ಎಷ್ಟೋ ಸಾವು ಆ ಸಾಲಿಗೂ ಬರಲಿಲ್ಲ. ಪೆನ್ಸಿಲ್ವೇನಿಯಾದ ಕೌಂಟಿಗಳಲ್ಲಿ 1893ರಿಂದ 1905ರವರೆಗಿನದು ಸಿಗುತ್ತದೆ. ಶಿಕಾಗೊ ಇರುವ ಕುಕ್ ಕೌಂಟಿಯ ಹಳೆಯ ಪುಸ್ತಕಗಳು 1871ರ ಬೆಂಕಿಯಲ್ಲಿ ಬೂದಿಯಾದವು. ಅಲ್ಲಿ ಚರ್ಚು, ಸ್ಮಶಾನ, ಪತ್ರಿಕೆಯ ನಿಧನ ವಾರ್ತೆಯನ್ನು ಹುಡುಕಬೇಕು.

ತಾರೀಕೇ ಗೊತ್ತಿಲ್ಲದಿದ್ದರೆ ಅರ್ಜಿಗೆ ಮೊದಲು ಸೂಚಿ ನೋಡಿ. ಸರ್ಕಾರದ ಪಿಂಚಣಿ ಯೋಜನೆಯಾದ ಸೋಷಿಯಲ್ ಸೆಕ್ಯುರಿಟಿಯ ಮರಣ ಸೂಚಿಯಲ್ಲಿ 1962ರ ನಂತರದವರು ಹೆಚ್ಚು. ಇತ್ತೀಚೆಗೆ ಹೋದವರನ್ನು ಅದರಲ್ಲಿ ಹುಡುಕಬೇಡಿ, 2013ರ ಕಾನೂನಿನಿಂದ ಮೂರು ವರ್ಷ ಮುಚ್ಚಿಡುತ್ತಾರೆ. ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ಸೈಟು ಉಚಿತ, ನಾನು ಮೊದಲು ತೆರೆಯುವುದು ಅದನ್ನೇ.

ಕಾಗದ ಕೈಗೆ ಬಂದ ಮೇಲೆ ಎಲ್ಲ ಚೌಕವನ್ನೂ ಒಂದೇ ಸಮ ನಂಬಬೇಡಿ. ಸಾವಿನ ದಿನ, ಗಂಟೆ, ಕಾರಣ ಬರೆದವರು ವೈದ್ಯರು ಅಥವಾ ಕಾರೊನರ್ (ಅಸಹಜ ಸಾವನ್ನು ತನಿಖೆ ಮಾಡುವ ಅಧಿಕಾರಿ). ಅದು ಕಣ್ಣಾರೆ ಕಂಡವರ, ಪರೀಕ್ಷಿಸಿದವರ ಮಾತು. ಹುಟ್ಟಿದ ದಿನ, ಊರು, ತಂದೆ ತಾಯಿಯ ಹೆಸರು ಮನೆಯವರೊಬ್ಬರು ಬಾಯಲ್ಲಿ ಹೇಳಿದ್ದು. ಹಾಗೆ ಹೇಳಿದವರಿಗೆ "ಇನ್‌ಫಾರ್ಮೆಂಟ್" ಎಂಬ ಚೌಕವೇ ಇದೆ. ನಾನು ಈಗ ಮೊದಲು ಓದುವುದು ಆ ಚೌಕ. ಹೆಂಡತಿ ಹೇಳಿದರಾ, ಮೊಮ್ಮಗನಾ, ಆಸ್ಪತ್ರೆಯವರಾ? ಉಳಿದ ಚೌಕಗಳ ತೂಕ ಅದರ ಮೇಲೆ.

ನಮ್ಮ ಸಂಬಂಧಿಕರ ಸರ್ಟಿಫಿಕೇಟು ಎರಡನೇ ಅರ್ಜಿಗೆ ಸರಿಯಾದ ಕೌಂಟಿಯಿಂದ ಬಂತು. ಇನ್‌ಫಾರ್ಮೆಂಟ್ ಮಗನೇ. ತಾಯಿಯ ಮದುವೆಗೆ ಮುಂಚಿನ ಸರ್‌ನೇಮ್ ಎಂಬ ಚೌಕದಲ್ಲಿ ಅಜ್ಜಿಯ ತವರೂರಿನ ಹೆಸರು ಇತ್ತು. "ಅಜ್ಜಿಗೆ ಸರ್‌ನೇಮೇ ಇರಲಿಲ್ಲ, ಏನೋ ಒಂದು ಹೇಳಬೇಕಿತ್ತು, ಹೇಳಿದೆ" ಎಂದ. ಮುಂದೆ ಇದನ್ನು ನೋಡಿದವರು ಆ ಊರಿನ ಹೆಸರಿನ ಮನೆತನವೊಂದನ್ನು ಹುಡುಕಿಕೊಂಡು ಹೋಗಬಾರದಲ್ಲ, ಅದಕ್ಕೆ ಪ್ರತಿಯ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇವೆ: ಇದು ಊರು.