ನಡುದಾರಿಯ ಕಲ್ಲು, ಮತ್ತು ಒಂದು ‘ಧ’

ತರಗತಿಯಲ್ಲಿ ಬೋರ್ಡಿನ ಮೇಲೆ *ಮೆದ್ಯೊಸ್ ಅಂತ ಬರೆದರೆ ಮೊದಲ ಪ್ರಶ್ನೆ ಆ ನಕ್ಷತ್ರದ್ದೇ. ಈ ರೂಪ ಎಲ್ಲೂ ಬರೆದಿಟ್ಟದ್ದು ಸಿಕ್ಕಿಲ್ಲ, ನಾವೇ ಲೆಕ್ಕ ಹಾಕಿ ಕಟ್ಟಿದ್ದು ಅಂತ ಅದರ ಅರ್ಥ. ಇಟಲಿಯ ಹಳೆಯ ಭಾಷೆಗಳಾದ ಲ್ಯಾಟಿನ್, ಆಸ್ಕನ್, ಉಂಬ್ರಿಯನ್‌ಗಳ ತಾಯಿಗೆ ಮೂಲ ಇಟಾಲಿಕ್ ಅನ್ನುತ್ತೇವೆ; ಈ ಪದ ಅದರದ್ದು. ಆ ತಾಯಿಯ ಒಂದು ಸಾಲೂ ಉಳಿದಿಲ್ಲ.

ಪದದ ಅರ್ಥ ‘ನಡುವಿನ’. ಸಂಸ್ಕೃತದಿಂದ ನಮಗೆ ಬಂದ ‘ಮಧ್ಯ’ ಇದರ ದಾಯಾದಿ. ಅದರಲ್ಲಿರುವ ಧ ನೋಡಿ, ಕಥೆಯೆಲ್ಲ ಅಲ್ಲೇ ಇದೆ. ಲ್ಯಾಟಿನ್‌ನಲ್ಲಿ ಆ ಜಾಗಕ್ಕೆ ದ ಬಂದು ಮೆದಿಯುಸ್ ಆಗಿದೆ. ಆಸ್ಕನ್‌ನಲ್ಲಿ ತುಟಿ-ಹಲ್ಲಿನ ಫ. ಒಂದೇ ಧ್ವನಿ ಒಂದು ಮನೆಯಲ್ಲಿ ದ, ಇನ್ನೊಂದರಲ್ಲಿ ಫ ಆಗಬೇಕಾದರೆ ಮೂಲದಲ್ಲಿ ಎರಡಕ್ಕೂ ಹತ್ತಿರದ್ದೇನೋ ಇರಬೇಕು, ಅಲ್ವಾ? ಹಾಗಾಗಿ ನಾಲಿಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಗಾಳಿ ಉಜ್ಜಿ ಬಿಡುವ ಧ್ವನಿಯನ್ನು ಇಡುತ್ತೇವೆ. ಇಂಗ್ಲಿಷಿನವರು ‘ದಿಸ್’ ಅನ್ನುವಾಗ ಬರುವ ದ ಅದು. ಮೇಲೆ *ಮೆದ್ಯೊಸ್‌ನಲ್ಲಿ ನಾನು ಸುಮ್ನೆ ದ ಅಂತ ಬರೆದಿದ್ದು ನಮ್ಮ ಲಿಪಿಯಲ್ಲಿ ಅದಕ್ಕೆ ಅಕ್ಷರ ಇಲ್ಲ ಅಂತ.

ರೂಪಗಳು ಸರಳ. ಗಂಡಿಗೆ *ಮೆದ್ಯೊಸ್, ಹೆಣ್ಣಿಗೆ *ಮೆದ್ಯಾ, ನಪುಂಸಕಕ್ಕೆ *ಮೆದ್ಯೊಮ್. ನನ್ನ ವಿದ್ಯಾರ್ಥಿಗಳು ತಡವರಿಸುವುದು ವಿಭಕ್ತಿಯಲ್ಲಿ. ಕನ್ನಡದಲ್ಲಿ ‘ದೊಡ್ಡ ಮನೆಯಲ್ಲಿ’ ಅಂದರೆ ಸಾಕು, ‘ದೊಡ್ಡ’ ಅಲುಗಾಡುವುದೇ ಇಲ್ಲ. ಇಟಾಲಿಕ್ ಭಾಷೆಗಳಲ್ಲಿ ನಾಮಪದ ಹಾಕಿಕೊಂಡ ಪ್ರತ್ಯಯವನ್ನು ಗುಣವಾಚಕವೂ ಹಾಕಿಕೊಳ್ಳಬೇಕು.

ಇದಕ್ಕೆ ನಾನು ಯಾವಾಗಲೂ ತೋರಿಸುವುದು ಅಬೆಲ್ಲಾದ ಕಲ್ಲನ್ನು. ಇಟಲಿಯ ಕಂಪಾನಿಯಾದಲ್ಲಿ ನೋಲಾ, ಅಬೆಲ್ಲಾ ಅಂತ ಎರಡು ಅಕ್ಕಪಕ್ಕದ ಊರು. ಮಧ್ಯೆ ಹರ್ಕ್ಯುಲಿಸ್‌ನ ಗುಡಿ. ಗುಡಿಯ ಜಾಗದ ಬಗ್ಗೆ ಎರಡೂ ಊರು ಕ್ರಿ.ಪೂ. 2ನೇ ಶತಮಾನದಲ್ಲಿ ಕರಾರು ಮಾಡಿಕೊಂಡು ಆಸ್ಕನ್‌ನಲ್ಲಿ ಕೆತ್ತಿಸಿದವು. ಗಡಿಯಲ್ಲಿ 10 ಅಡಿಯ ದಾರಿ. ಅಲ್ಲಿ ಬರುವ ಮಾತು: ‘ಎಯ್ಸಾಯ್ ವೀಯಾಯ್ ಮೆಫಿಯಾಯ್’. ಅಂದರೆ ‘ಈ ದಾರಿಯ ನಡುವೆ’ ಗಡಿಕಲ್ಲುಗಳು ನಿಂತಿವೆ. ಮೂರು ಪದಕ್ಕೂ ಒಂದೇ ಬಾಲ, ‘ಆಯ್’. ‘ಈಯಲ್ಲಿ ದಾರಿಯಲ್ಲಿ ನಡುವಲ್ಲಿ’ ಅಂದ ಹಾಗೆ. ‘ದಾರಿ’ ಅಲ್ಲಿ ಸ್ತ್ರೀಲಿಂಗ, ಆದ್ದರಿಂದ *ಮೆದ್ಯಾ ರೂಪದ ಸಪ್ತಮಿ. ಎಷ್ಟು ಪಟ್ಟಿ ಬಾಯಿಪಾಠ ಮಾಡಿದರೂ ಈ ಒಂದು ಸಾಲಿನಷ್ಟು ಚೆನ್ನಾಗಿ ತಲೆಗೆ ಹೋಗುವುದಿಲ್ಲ ಅನ್ನುವುದು ನನ್ನ ಅನುಭವ.

ಲ್ಯಾಟಿನ್ ಕಡೆ ಇನ್ನೊಂದು ಮಜಾ ಇದೆ. ಮಧ್ಯಾಹ್ನಕ್ಕೆ ಅವರು ಮೆರಿದಿಯೇಸ್ ಅನ್ನುತ್ತಿದ್ದರು. ಮೊದಲು ಅದು ಮೆದಿದಿಯೇಸ್, ‘ನಡುಹಗಲು’. ಪಕ್ಕಪಕ್ಕ ಎರಡು ದ ಬಂದು ನಾಲಿಗೆ ತೊಡರಿ ಮೊದಲನೆಯದು ರ ಆಯಿತು. ಪ್ರೈನೆಸ್ತೆ ಊರಿನ ನೆರಳುಗಡಿಯಾರದ ಮೇಲೆ ದ ಇರುವ ಹಳೆಯ ರೂಪವನ್ನೇ ಕಂಡೆ ಅಂತ ರೋಮಿನ ವಿದ್ವಾಂಸ ವಾರ್ರೊ ಬರೆದಿದ್ದಾನೆ. ನಿಮ್ಮ ಫೋನಿನ ಎ.ಎಂ., ಪಿ.ಎಂ.ಗಳಲ್ಲಿ ಕೊನೆಯ ‘ಎಂ’ ಇದೇ ಮೆರಿದಿಯೇಸ್.