ಪದ ಪರಿಚಯ: ಸಂಕೇತ ಪಥದ ಚಾನೆಲ್ ಸಾಮರ್ಥ್ಯ

ಸಂಕೇತ ಸಾಗಿಸುವ ಮಾರ್ಗವೊಂದರ (ಚಾನೆಲ್‌ನ) ಔಟ್‌ಪುಟ್ ನೋಡಿ ಇನ್‌ಪುಟ್ ಏನಿತ್ತೆಂದು ಹೆಚ್ಚೆಂದರೆ ಎಷ್ಟು ಖಚಿತವಾಗಿ ಹೇಳಬಹುದು? ಈ ಮಿತಿಯೇ ಚಾನೆಲ್ ಸಾಮರ್ಥ್ಯ. ಅಳತೆ ಬಿಟ್‌ಗಳಲ್ಲಿ. ಬೆಲ್ ಪ್ರಯೋಗಾಲಯದ ಕ್ಲಾಡ್ ಶ್ಯಾನನ್ 1948ರಲ್ಲಿ ಕೊಟ್ಟ ಈ ಪರಿಕಲ್ಪನೆ ಈಗ ಜೀವಕೋಶಗಳಿಗೂ ಅನ್ವಯವಾಗುತ್ತಿದೆ. ಇಲ್ಲಿ ಇನ್‌ಪುಟ್ ಎಂದರೆ ಕೋಶದ ಹೊರಗಿನ ಹಾರ್ಮೋನ್ ಅಥವಾ ಬೆಳವಣಿಗೆ ಅಂಶದ ಪ್ರಮಾಣ. ಔಟ್‌ಪುಟ್ ಎಂದರೆ ಒಳಗೆ ಸಕ್ರಿಯವಾದ ಪ್ರೋಟೀನಿನ ಮಟ್ಟ. ಇವೆರಡರ ನಡುವೆ ಸುದ್ದಿ ದಾಟಿಸುವ ಪ್ರೋಟೀನುಗಳ ಸರಪಳಿಯೇ ಸಂಕೇತ ಪಥ.

1 ಬಿಟ್ ಇದ್ದರೆ ಎರಡು ಸ್ಥಿತಿಗಳನ್ನು ತಪ್ಪಿಲ್ಲದೆ ಬೇರ್ಪಡಿಸಬಹುದು, 2 ಬಿಟ್ ಇದ್ದರೆ ನಾಲ್ಕನ್ನು. 'ಇದೆ–ಇಲ್ಲ' ಎಂದಷ್ಟೇ ಹೇಳುವ ಪಥ ಎರಡೂ ಕಡೆ ಶೇ 10ರಷ್ಟು ತಪ್ಪಿದರೆ ಉಳಿಯುವುದು ಸುಮಾರು 0.53 ಬಿಟ್. ಹತ್ತರಲ್ಲಿ ಒಂದು ತಪ್ಪಿಗೆ ಅರ್ಧದಷ್ಟು ಮಾಹಿತಿ ಹೋಯಿತು!

2011ರಲ್ಲಿ ಆಂಡ್ರೆ ಲೆವ್ಚೆಂಕೊ, ಇಲ್ಯಾ ನೆಮೆನ್‌ಮನ್ ಮತ್ತು ಸಹೋದ್ಯೋಗಿಗಳು ಟಿಎನ್‌ಎಫ್ (ಉರಿಯೂತದ ಸಂಕೇತ ಒಯ್ಯುವ ಪ್ರೋಟೀನ್) ಬಂದಾಗ ಎನ್‌ಎಫ್ ಕಪ್ಪಾ ಬಿ (ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ಸಕ್ರಿಯವಾಗುವ ಪಥವನ್ನು ಅಳೆದಾಗ ಸಿಕ್ಕಿದ್ದು ಸುಮಾರು 0.92 ಬಿಟ್. ಅಂದರೆ ಒಂಟಿ ಕೋಶಕ್ಕೆ ಟಿಎನ್‌ಎಫ್ ಇದೆಯೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಎಷ್ಟಿದೆ ಎಂಬುದು ಬಹುಮಟ್ಟಿಗೆ ಗೊತ್ತಾಗದು.

ಅಳೆಯುವ ಕ್ರಮ ಹೀಗೆ. ಬೇರೆ ಬೇರೆ ಡೋಸ್ ಕೊಟ್ಟು, ನಿಗದಿತ ಹೊತ್ತಿಗೆ ಕೋಶಗಳನ್ನು ಸ್ಥಿರಗೊಳಿಸಿ, ಪ್ರತಿಕಾಯದಿಂದ ಬಣ್ಣ ಹಚ್ಚಿ, ಪ್ರತಿ ಕೋಶದ ಹೊಳಪನ್ನು ದಾಖಲಿಸುತ್ತಾರೆ. ಸರಾಸರಿ ಇಲ್ಲಿ ಕೆಲಸಕ್ಕೆ ಬಾರದು, ಡೋಸ್‌ಗೊಂದು ಪೂರ್ತಿ ಹಂಚಿಕೆಯೇ ಬೇಕು. ಔಟ್‌ಪುಟ್‌ನ ಒಟ್ಟು ಎಂಟ್ರೊಪಿಯಿಂದ (ಅಂದರೆ ಅನಿಶ್ಚಿತತೆಯ ಅಳತೆಯಿಂದ), ಡೋಸ್ ಗೊತ್ತಿದ್ದೂ ಉಳಿಯುವ ಸರಾಸರಿ ಎಂಟ್ರೊಪಿಯನ್ನು ಕಳೆದರೆ ಪರಸ್ಪರ ಮಾಹಿತಿ, ಅಂದರೆ ಔಟ್‌ಪುಟ್ ಡೋಸ್ ಬಗ್ಗೆ ಎಷ್ಟು ತಿಳಿಸುತ್ತದೆ ಎಂಬುದು, ಸಿಗುತ್ತದೆ. ಯಾವ ಡೋಸ್ ಎಷ್ಟು ಬಾರಿ ಬಂದರೆ ಇದು ಗರಿಷ್ಠವಾಗುತ್ತದೆ ಎಂಬುದನ್ನು ಬ್ಲಾಹುಟ್–ಅರಿಮೊಟೊ ಅಲ್ಗಾರಿದಮ್ ಹುಡುಕಿಕೊಡುತ್ತದೆ. ಆ ಗರಿಷ್ಠವೇ ಸಾಮರ್ಥ್ಯ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಕೋಶಗಳ ಸಂಖ್ಯೆ ಕಡಿಮೆಯಿದ್ದು ಹಿಸ್ಟೋಗ್ರಾಂನ (ಹಂಚಿಕೆ ತೋರಿಸುವ ಕಂಬಚಿತ್ರದ) ವಿಭಾಗಗಳು ಹೆಚ್ಚಾದರೆ, ಆಕಸ್ಮಿಕ ಏರಿಳಿತವೇ ಮಾಹಿತಿಯಂತೆ ಕಂಡು ಉತ್ತರ ಉಬ್ಬುತ್ತದೆ. ಹಾಗಾಗಿ ದತ್ತಾಂಶದ ಪೂರ್ತಿ, ಮುಕ್ಕಾಲು, ಅರ್ಧ ಭಾಗಗಳಿಂದ ಲೆಕ್ಕ ಹಾಕಿ ಕೋಶಗಳ ಸಂಖ್ಯೆ ಅನಂತವಾದರೆ ಉತ್ತರ ಎಷ್ಟಾಗುತ್ತದೆ ಎಂಬ ಕಡೆಗೆ ರೇಖೆ ಎಳೆಯಬೇಕು. ಯಾವ ಕೋಶಕ್ಕೆ ಯಾವ ಡೋಸ್ ಎಂಬ ಹೆಸರುಗಳನ್ನು ಕಲಸಿ ಮತ್ತೆ ಲೆಕ್ಕ ಹಾಕಿದಾಗ ಉತ್ತರ ಸೊನ್ನೆಯ ಹತ್ತಿರ ಬರಬೇಕು. ಇದಕ್ಕೆ ತದ್ವಿರುದ್ಧವಾಗಿ, ಬಣ್ಣ ಹಚ್ಚುವಿಕೆಯ ಗದ್ದಲ (ಆಕಸ್ಮಿಕ ಏರಿಳಿತ) ಕೋಶದ ಲೆಕ್ಕಕ್ಕೆ ಸೇರಿಕೊಂಡು ಉತ್ತರವನ್ನು ಕುಗ್ಗಿಸುತ್ತದೆ. ಒಂದೇ ಕ್ಷಣದ ಚಿತ್ರವೂ ಕುಗ್ಗಿಸುತ್ತದೆ: ಅದೇ ಕೋಶವನ್ನು ಹೊತ್ತಿನುದ್ದಕ್ಕೂ ಹಿಂಬಾಲಿಸಿದ 2014ರ ಅಧ್ಯಯನದಲ್ಲಿ ಇಆರ್‌ಕೆ (ಬೆಳವಣಿಗೆಯ ಸಂಕೇತ ಒಯ್ಯುವ ಪ್ರೋಟೀನ್), ಕ್ಯಾಲ್ಸಿಯಂ, ಎನ್‌ಎಫ್ ಕಪ್ಪಾ ಬಿ ಮೂರರಲ್ಲೂ ಮಾಹಿತಿ ಹೆಚ್ಚಿತು. ಆದ್ದರಿಂದ '1 ಬಿಟ್' ಎಂಬುದನ್ನು ಕೋಶದ ಶಾಶ್ವತ ಮಿತಿ ಎಂದು ಓದುವುದು ಅವಸರ.

ಕ್ಯಾನ್ಸರ್ ವಿಷಯಕ್ಕೆ ಬಂದರೆ, ಸಂಕೇತದ ಜೋರು ಬೇರೆ, ಮಾಹಿತಿ ಬೇರೆ ಎಂಬುದೇ ಮುಖ್ಯ. ಬೆಳವಣಿಗೆಯ ಸಂಕೇತ ದಾಟಿಸುವ ರಾಸ್ ಪ್ರೋಟೀನ್ ರೂಪಾಂತರಗೊಂಡರೆ ಜಿಟಿಪಿ ಅಣುವನ್ನು ಹಿಡಿದ, ಅಂದರೆ ಚಾಲೂ ಸ್ಥಿತಿಯಲ್ಲೇ ಹೆಚ್ಚು ಹೊತ್ತು ಉಳಿಯುತ್ತದೆ. ಬೆಳವಣಿಗೆ ಅಂಶ ಇದ್ದರೂ ಇಲ್ಲದಿದ್ದರೂ ಔಟ್‌ಪುಟ್ ಒಂದೇ ಆಗಿಬಿಟ್ಟರೆ, ಸಂಕೇತ ಎಷ್ಟೇ ಜೋರಾಗಿದ್ದರೂ ಸಾಮರ್ಥ್ಯ ಸೊನ್ನೆ. ಅಲ್ಲಿ ಕಳೆದದ್ದನ್ನು ಕೆಳಗಿನ ಹಂತಗಳು ಮರಳಿ ತರಲಾರವು.

ಎಲ್ಲ ರೂಪಾಂತರಗಳೂ ಹೀಗೆ ಪೂರ್ತಿ ಕುರುಡಾಗಿಸುವುದಿಲ್ಲ. ರಾಸ್ ಅನ್ನು ಬೆಳಕಿನಿಂದ ಚಾಲೂ ಮಾಡಿ ನೋಡಿದ 2018ರ ಪ್ರಯೋಗದಲ್ಲಿ, ರಾಸ್‌ನಿಂದ ಇಆರ್‌ಕೆ ಕಡೆಗೆ ಸಂಕೇತ ದಾಟಿಸುವ ಬಿರಾಫ್ ಪ್ರೋಟೀನಿನ ಕೆಲವು ರೂಪಾಂತರಗಳಿದ್ದ ಕ್ಯಾನ್ಸರ್ ಕೋಶಗಳಿಗೂ ಬೆಳಕು ಬಂದದ್ದು ತಿಳಿಯುತ್ತಿತ್ತು. ಆದರೆ ಬೆಳಕು ಆರಿದ ಮೇಲೂ ಇಆರ್‌ಕೆ ತಡವಾಗಿ ಇಳಿಯುತ್ತಿತ್ತು. ಹಾಗಾಗಿ ಬಿಟ್ಟು ಬಿಟ್ಟು ಬಂದ ಮಿಡಿತಗಳನ್ನು ಕೋಶ ಎಡೆಬಿಡದ ಸಂಕೇತವೆಂದು ಓದಿ ವಿಭಜನೆಗೆ ಇಳಿಯುತ್ತಿತ್ತು. ಕೆಲವು ಬಿರಾಫ್ ತಡೆ ಔಷಧಗಳೂ ಇದೇ ಬಗೆಯ ತಡವನ್ನು ಉಂಟುಮಾಡಿದವು.